ಕಣ್ಣಿನ ಕ್ಯಾಮೆರಾ ಇದ್ದಷ್ಟು ದಿನ

ಕಣ್ಣಿನೊಳಗಿನ ಫೋಟೋ ತೆಗೆಯುವ ಆ ಯಂತ್ರ ನಮ್ಮ ದವಾಖಾನೆಗೆ ಬಂದಾಗ ಊರಿನಲ್ಲಿ ದ್ರಾಕ್ಷಿ ಚಾಟ್ನಿ ನಡೆದಿತ್ತು. ಬಳ್ಳಿ ಕತ್ತರಿಸುವ ಆ ದಿನಗಳಲ್ಲಿ ನಮ್ಮ ಕಡೆ ಯಾರೂ ಜಡ್ಡು ಬೀಳುವುದಿಲ್ಲ. ಬಿದ್ದರೂ ತೋರಿಸಿಕೊಳ್ಳಲು ಬರುವಷ್ಟು ಪುರಸೊತ್ತು ಇರುವುದಿಲ್ಲ. ಬೆಂಚು ಖಾಲಿ ಇತ್ತು, ನಾನು ಪೇಪರು ಓದುತ್ತ ಕೂತಿದ್ದೆ. ಕಂಪನಿಯ ಮನುಷ್ಯ ಹೊರಗೆ ಬೂಟು ಬಿಚ್ಚಿಟ್ಟು ಒಳಗೆ ಬಂದ. ನನ್ನ ಅನುಭವದಲ್ಲಿ ಕಂಪನಿಯವರು ಯಾರೂ ಬೂಟು ಬಿಚ್ಚುವುದಿಲ್ಲ. ಅದೊಂದೇ ಕಾರಣಕ್ಕೆ ಅವನನ್ನು ಕೂಡಿಸಿಕೊಂಡೆ.

ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯ ಈ ಊರಿನಲ್ಲಿ ನಾನು ದವಾಖಾನೆ ತೆರೆದು ನಲವತ್ತು ವರ್ಷದ ಮೇಲಾಯಿತು. ಬರಿ ಎಂ.ಬಿ.ಬಿ.ಎಸ್. ನನ್ನ ಜೊತೆ ಓದಿದವರು ಬೆಳಗಾವಿಯಲ್ಲಿ, ಮಿರಜದಲ್ಲಿ ಲಿಫ್ಟ್ ಇರುವ ಆಸ್ಪತ್ರೆ ಕಟ್ಟಿದರು. ನನ್ನದು ಎರಡು ಕೋಣೆ, ಮುಂದೆ ಮಂದಿ ಕೂಡಲು ಒಂದು ತಗಡಿನ ಪತ್ರಾಸಿನ ಚಪ್ಪರ. ಇಷ್ಟು ವರ್ಷದಲ್ಲಿ ನನ್ನ ಮೇಜಿನ ಮುಂದೆ ಏನೇನೋ ಬಂದು ಹೋಗಿವೆ. ಒಮ್ಮೆ ಒಂದು ಕಂಪನಿಯವರು ಎಲುಬಿನ ಬಲ ಅಳೆಯುವ ಯಂತ್ರ ತಂದು ಶಾಲೆಯಲ್ಲಿ ಶಿಬಿರ ಮಾಡಿದರು. ಹಿಮ್ಮಡಿ ಇಟ್ಟರೆ ಸಾಕು, ಯಂತ್ರ ಸಂಖ್ಯೆ ತೋರಿಸುತ್ತಿತ್ತು. ಅಂದು ಊರಿನ ಎಲ್ಲರ ಎಲುಬೂ ಸೊರಗಿತ್ತು, ಕುಸ್ತಿ ಆಡುವ ಪೈಲವಾನರದ್ದೂ. ಶಾಲೆಯ ಹಿಂದಿನ ಕೋಣೆಯಲ್ಲಿ ಕ್ಯಾಲ್ಸಿಯಂ ಪುಡಿಯ ಡಬ್ಬಿಗಳನ್ನು ಮಾಳಿಗೆವರೆಗೆ ಪೇರಿಸಿಟ್ಟಿದ್ದರು. ಯಂತ್ರ ತಾನಾಗಿ ಸುಳ್ಳು ಹೇಳುವುದಿಲ್ಲ, ತಂದವನು ಕಲಿಸಿದ್ದನ್ನು ಹೇಳುತ್ತದೆ ಎಂದು ನಾನು ಆವತ್ತೇ ತೀರ್ಮಾನಿಸಿಬಿಟ್ಟೆ.

ಹಾಗಂತ ನಾನೇನು ಸಾಧುವಲ್ಲ. ಮೈಕೈ ನೋವು ಅಂತ ಬಂದವರಿಗೆ ಸಲೈನ್ ಹಚ್ಚಿ ಕಳಿಸಿದ್ದೇನೆ. ಅದರಲ್ಲಿ ಉಪ್ಪುನೀರು ಬಿಟ್ಟು ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಹಚ್ಚದಿದ್ದರೆ ಅವರು ಮುಂದಿನ ಊರಿಗೆ ಹೋಗುತ್ತಿದ್ದರು.

"ಸರ, ನಾ ಏನೂ ಮಾರಾಕ ಬಂದಿಲ್ರಿ," ಎಂದು ಆ ಮನುಷ್ಯ ಶುರು ಮಾಡಿದ. ಮೂವತ್ತೈದರ ಆಸುಪಾಸು ವಯಸ್ಸು. ಮಹಾರಾಷ್ಟ್ರದ ಗಡಿಯ ಜತ್ತ ಕಡೆಯವನು, ಹಾಗಾಗಿ ಕನ್ನಡ ಬರುತ್ತಿತ್ತು. ಪುಣೆಯ ಕಂಪನಿಯೊಂದರಲ್ಲಿ ನೌಕರಿ. "ಶುಗರ್ ಇದ್ದಾವ್ರ ಕಣ್ಣಿನ ಫೋಟೋ ತಗೀತೈತ್ರಿ. ನೋಡಾಕ ಕಣ್ಣಿನ ಡಾಕ್ಟರ್ ಬೇಕಾಗಿಲ್ಲ, ಮಷೀನ್‌ನ ಹೇಳತೈತಿ. ಹಸಿರ ಬಂದ್ರ ಚಲೋ. ಕೆಂಪ ಬಂದ್ರ ಕಣ್ಣಿನ ದವಾಖಾನಿಗಿ ಕಳಸೂದು. ನಿಮಗ ಏನೂ ಖರ್ಚಿಲ್ರಿ."

"ಮತ್ತ ನಿಮಗೇನ ಫಾಯ್ದೆ?"

"ಇದು ಟ್ರಯಲ್ ರೀ ಸರ."

"ಫುಕ್ಕಟ ಕೊಡೂ ಕಂಪನಿ ನಾ ಇನ್ನೂ ನೋಡಿಲ್ಲಪಾ."

ಅವನು ನಕ್ಕು ತನ್ನ ಚೀಲದ ಬಾಯಿ ಬಿಚ್ಚಿದ. ನಾನು ಮತ್ತೆ ಕೇಳಲಿಲ್ಲ. ಕೇಳದಿರಲು ಕಾರಣವಿತ್ತು. ಹಿಂದಿನ ವರ್ಷ ನಮ್ಮ ಊರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಗಾಜಿನ ಬಾಗಿಲಿನ ಹೊಸ ಆಸ್ಪತ್ರೆ ಬಂದಿತ್ತು. ನನ್ನ ಹಳೆಯ ಪೇಷಂಟುಗಳು ತಲೆ ತಗ್ಗಿಸಿಕೊಂಡು ಆ ಬಾಗಿಲಿನೊಳಗೆ ಹೋಗುವುದನ್ನು ನಾನು ನೋಡುತ್ತಿದ್ದೆ. ಕಂಪನಿಗಳನ್ನು ಬಾಯಿತುಂಬ ಬೈಯುವ ನನಗೂ ನನ್ನ ಮೇಜಿನ ಮೇಲೆ ಹೊಳೆಯುವಂಥದ್ದೊಂದು ಬೇಕಿತ್ತು. ಅವನು ಮುಂದಿಟ್ಟ ಇಂಗ್ಲಿಷಿನ ಹಾಳೆಗಳನ್ನು ಓದದೆ ಸಹಿ ಮಾಡಿದೆ.

ಇಲ್ಲಿ ನಮ್ಮ ಸಿಸ್ಟರ್ ಬಗ್ಗೆ ಹೇಳಬೇಕು. ಆಕೆ ನನ್ನ ದವಾಖಾನೆಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಪಕ್ಕದ ಹಳ್ಳಿಯ ದಲಿತ ಕೇರಿಯ, ಬೌದ್ಧ ಮನೆತನದವಳು. ತಂದೆ ತಾಯಿ ಕಬ್ಬು ಕಡಿಯುವ ಕೂಲಿಗೆ ಹೋಗಿ ಮಗಳಿಗೆ ನರ್ಸಿಂಗ್ ತರಬೇತಿ ಕೊಡಿಸಿದ್ದರು. ಬಂದ ಹೊಸದರಲ್ಲಿ ಹೊಲಮನೆ ಇದ್ದ ದೊಡ್ಡ ಮನೆಗಳವರು, "ಸೂಜಿ ನೀವ ಹಾಕ್ರಿ ಸಾಹೇಬ್ರ," ಎನ್ನುತ್ತಿದ್ದರು. ಯಾಕೆಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ನಾನು ಮಾತಾಡದೆ ಸಿರಿಂಜು ಆಕೆಯ ಕೈಯಿಂದ ಇಸಿದುಕೊಂಡು ಹಾಕುತ್ತಿದ್ದೆ. ಒಂದು ದಿನವಾದರೂ "ಸಿಸ್ಟರ್ ಹಾಕ್ತಾರ, ಬ್ಯಾಡಾದ್ರ ಹೋಗ್ರಿ" ಎನ್ನಬಹುದಿತ್ತು. ಅನ್ನಲಿಲ್ಲ. ಐದಾರು ವರ್ಷಗಳಲ್ಲಿ ಆಕೆಯ ಕೈಯೇ ಆ ಕೆಲಸ ಮಾಡಿತು. ಕೂಸಿನ ಕೈಯಲ್ಲಿ ನನಗೆ ಸಿಗದ ನರ ಆಕೆಗೆ ಸಿಗುತ್ತಿತ್ತು. ಅದೇ ಮನೆಗಳವರು ಬಾಗಿಲಲ್ಲೇ, "ಸಿಸ್ಟರ್ ಬಾಯಿ ಅದಾರೇನ್ರಿ?" ಎಂದು ಕೇಳಿ ಒಳಗೆ ಬರತೊಡಗಿದರು. ಆಕೆ ಇಲ್ಲದಿದ್ದರೆ ನಾಳೆ ಬರುತ್ತೇವೆ ಎಂದು ತಿರುಗಿ ಹೋಗುತ್ತಿದ್ದರು.

ಆಕೆಗೆ ಹನ್ನೊಂದು ವರ್ಷದಿಂದ ಶುಗರ್ ಇತ್ತು. ಕಂಡುಹಿಡಿದವನು ನಾನೇ, ಗುಳಿಗೆ ಕೊಟ್ಟವನು ನಾನೇ, ಆಮೇಲೆ ಇನ್ಸುಲಿನ್ ಶುರು ಮಾಡಿಸಿದವನೂ ನಾನೇ. ಶುಗರ್ ಇದ್ದವರ ಕಣ್ಣಿನ ಹಿಂಪರದೆಯನ್ನು ವರ್ಷಕ್ಕೊಮ್ಮೆ ತೋರಿಸಬೇಕು ಎಂಬುದು ಪುಸ್ತಕದಲ್ಲಿದೆ. ನಾನು ಓದಿದ್ದೇನೆ. ದಿನಾ ಕಣ್ಣೆದುರಿಗೇ ಇದ್ದವಳನ್ನು ಒಮ್ಮೆಯೂ ಕಳಿಸಲಿಲ್ಲ.

ಯಂತ್ರ ಕೂಡಿಸಿದ ದಿನ ಆ ಜತ್ತದ ಮನುಷ್ಯ ಒಳಕೋಣೆಯ ಕಿಟಕಿಗೆ ಕರಿ ಬಟ್ಟೆ ಕಟ್ಟಿ ಕತ್ತಲು ಮಾಡಿದ. ಗದ್ದ ಇಡಲು ಒಂದು ಪಟ್ಟಿ, ಅದರೆದುರು ಕ್ಯಾಮೆರಾ, ಪಕ್ಕದಲ್ಲಿ ಒಂದು ಟ್ಯಾಬ್ಲೆಟ್. ಕಲಿಸಲು ಯಾರದಾದರೂ ಕಣ್ಣು ಬೇಕಲ್ಲ, ಸಿಸ್ಟರ್ ತಾನೇ ಹೋಗಿ ಕೂತಳು. ಎರಡು ಸಲ ಬೆಳಕು ಚಕ್ ಎಂದಿತು. ಸ್ವಲ್ಪ ಹೊತ್ತಿಗೆ ಆಕೆ ಕರೆದಳು.

"ಸಾಹೇಬ್ರ, ಕೆಂಪ ತೋರ್ಸಾಕತ್ತೈತ್ರಿ."

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಕಿತ್ತಳೆ ಬಣ್ಣದ ಎರಡು ಚಂದ್ರ, ಅವುಗಳ ಮೇಲೆ ಕೆಲವು ಚುಕ್ಕೆ, ಎಡಗಣ್ಣಿನಲ್ಲಿ ಕೂದಲೆಳೆಯಂಥ ನರಗಳ ಸಿಕ್ಕು. ಕಾಲೇಜಿನಲ್ಲಿ ಕಣ್ಣಿನ ವಿಭಾಗದಲ್ಲಿ ಹದಿನೈದು ದಿನ ನಿಂತದ್ದು ಬಿಟ್ಟರೆ ಅಂಥದ್ದನ್ನು ನಾನು ಮತ್ತೆ ನೋಡಿರಲಿಲ್ಲ. ಚುಕ್ಕೆಗಳು ರಕ್ತವೋ ಧೂಳೋ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳುವ ಬದಲು ಹೀಗೆ ಕೇಳಿದೆ:

"ಸಿಸ್ಟರ್, ಸೂಜ್ಯಾಗ ದಾರ ಪೋಣಸ್ತೀರಿಲ್ಲೋ?"

"ಪೋಣಸ್ತೇನ್ರಿ."

"ಸಿರಿಂಜಿನ ಮ್ಯಾಲಿನ ಸಣ್ಣ ಗೆರಿ ಕಾಣತಾವಿಲ್ಲೋ?"

"ಕಾಣತಾವ್ರಿ."

"ಮತ್ತ? ಮೊದಲನೇ ಫೋಟೋನ ಕೆಂಪ. ಗಿರಾಕಿ ಹುಡುಕೂ ಮಷೀನ್ ಇದು."

ಜತ್ತದವನ ಮುಖ ಸಣ್ಣದಾಯಿತು. "ಹಂಗಲ್ರಿ ಸರ. ಕಣ್ಣಿನ ನಜರ ಚಲೋ ಇದ್ದಾಗನ ಇದನ್ನ ಹಿಡೀಬೇಕ್ರಿ. ಒಮ್ಮೆ ಮಿರಜಕ್ಕ ಹೋಗಿ ತೋರಿಸಿಬಿಡ್ರಿ ಬಾಯಾರ."

ಯಂತ್ರದಿಂದ ಬಂದ ಚೀಟಿಯನ್ನು ನಾನು ನಾಲ್ಕು ಚೂರು ಮಾಡಿ ಮೇಜಿನ ಕೆಳಗಿನ ಡಬ್ಬಿಗೆ ಒಗೆದೆ. ನಕ್ಕೆ. ನಾನು ನಕ್ಕಿದ್ದಕ್ಕೆ ಆಕೆಯೂ ನಕ್ಕಳು.

ಮುಂದಿನ ಏಳೆಂಟು ತಿಂಗಳು ಯಂತ್ರ ನನ್ನ ದವಾಖಾನೆಯ ತೋರಿಕೆಯ ಸಾಮಾನಾಗಿತ್ತು. ಕಣ್ಣಿನ ಫೋಟೋ ತೆಗೆಸಿಕೊಳ್ಳಲೆಂದೇ ಬೇರೆ ಊರಿನಿಂದ ಮಂದಿ ಬಂದರು. ಕೊಕಟನೂರಿನಿಂದ ಒಬ್ಬ ಮುದುಕಿ ಬಂದು, ಒಳಗಿನ ಫೋಟೋ ಮೊಮ್ಮಗಳಿಗೆ ತೋರಿಸಬೇಕೆಂದು ಪ್ರತಿ ಕೇಳಿದಳು. ಸಿಸ್ಟರ್ ಬಲು ಬೇಗ ಪಳಗಿದಳು. ರೆಪ್ಪೆ ಮಿಟುಕಿಸುವವರನ್ನು ಮಾತಾಡಿಸುತ್ತ, ಹೊಲದ ಸುದ್ದಿ ಕೇಳುತ್ತ, ಅವರು ಉತ್ತರ ಯೋಚಿಸುವ ಆ ಒಂದು ಕ್ಷಣದಲ್ಲಿ ಫೋಟೋ ತೆಗೆದುಬಿಡುತ್ತಿದ್ದಳು. ಕೆಂಪು ಬಂದವರ ಚೀಟಿ ನನ್ನ ಮೇಜಿಗೆ ಬರುತ್ತಿತ್ತು. ವಯಸ್ಸಾದವರು, ಕಣ್ಣು ಮಂಜು ಎನ್ನುವವರನ್ನು ಮಿರಜಕ್ಕೆ ಕಳಿಸುತ್ತಿದ್ದೆ. ಚಲೋ ಕಾಣುತ್ತದೆ ಎಂದವರಿಗೆ, "ನೋಡೂಣು, ಸಕ್ರಿ ಕಮ್ಮಿ ಮಾಡ್ರಿ," ಎನ್ನುತ್ತಿದ್ದೆ. ಯಂತ್ರ ಹೇಳಿದ್ದನ್ನು ಸೋಸಲು ನಾನೊಂದು ಜರಡಿಯಾಗಿ ಕೂತಿದ್ದೆ. ನನ್ನ ಜರಡಿಯ ತೂತು ಎಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ, ದವಾಖಾನೆ ತೆರೆದು ಇನ್ನೂ ಅರ್ಧ ತಾಸಾಗಿರಲಿಲ್ಲ. ಕಾಲಿಗೆ ಕುಡಗೋಲು ತಾಗಿಸಿಕೊಂಡು ಬಂದಿದ್ದ ಹೆಂಗಸಿಗೆ ಧನುರ್ವಾಯುವಿನ ಸೂಜಿ ಹಾಕಬೇಕಿತ್ತು. ಸಿಸ್ಟರ್ ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಇಳಿಸಿದಳು, ಸೆರಗಿನಿಂದ ಎಡಗಣ್ಣು ಒರೆಸಿಕೊಂಡು ಮತ್ತೆ ಹಿಡಿದಳು. ಆಮೇಲೆ ಅದನ್ನು ಟ್ರೇಯಲ್ಲಿಟ್ಟು ನನ್ನ ಬಳಿ ಬಂದಳು.

"ಸಾಹೇಬ್ರ, ಸೂಜಿ ನೀವ ಹಾಕ್ರಿ. ನನ್ನ ಕಣ್ಣಾಗ ಕರೇ ದಾರ ತೇಲಾಕತ್ತಾವ್ರಿ."

ಸೂಜಿ ಹಾಕಿ ಕೈ ತೊಳೆದು ಬರುವಷ್ಟರಲ್ಲಿ ಆಕೆ ಬೆಂಚಿನ ಮೇಲೆ ಪೇಷಂಟುಗಳ ನಡುವೆ ಕೂತಿದ್ದಳು. ಬಲಗಣ್ಣು ಮುಚ್ಚಿ ತನ್ನ ಕೈಯನ್ನು ಮುಖದ ಮುಂದೆ ಆಡಿಸುತ್ತಿದ್ದಳು. "ಒಳಗ ಯಾರೋ ಮಸಿ ಸುರುವಿದಂಗ ಆಗೇತ್ರಿ," ಎಂದಳು. ಧ್ವನಿಯಲ್ಲಿ ಗಾಬರಿ ಇರಲಿಲ್ಲ. ಪೇಷಂಟಿನ ಲಕ್ಷಣ ನನಗೆ ಹೇಳುವಾಗ ಇರುತ್ತಿದ್ದ ಅದೇ ಧ್ವನಿ.

ದವಾಖಾನೆ ಮುಚ್ಚಿ ನನ್ನ ಕಾರಿನಲ್ಲಿ ಮಿರಜಕ್ಕೆ ಕರೆದುಕೊಂಡು ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ, ಒಂದು ತಾಸಿನ ದಾರಿ ಎರಡು ತಾಸಾಯಿತು. ಅಲ್ಲಿನ ಕಣ್ಣಿನ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಂಗಸು. ಔಷಧ ಬಿಟ್ಟು ಪಾಪೆ ಅಗಲ ಮಾಡಿ ಬಹಳ ಹೊತ್ತು ನೋಡಿದಳು. ಆಮೇಲೆ ದೀಪ ಹಾಕಿ ಕೇಳಿದಳು.

"ಶುಗರ್ ಎಷ್ಟ ವರ್ಷದಿಂದ ಐತಿ?"

"ಹನ್ನೊಂದು," ಎಂದೆ ನಾನು.

"ಟ್ರೀಟ್‌ಮೆಂಟ್ ಯಾರದು?"

"ನನ್ನದ."

ಆಕೆ ನನ್ನನ್ನು ಒಮ್ಮೆ ನೋಡಿ ಸಿಸ್ಟರ್ ಕಡೆ ತಿರುಗಿದಳು. "ಹಿಂದ ಯಾವಾಗಾದ್ರೂ ಕಣ್ಣಿನ ಒಳಗಿನ ತಪಾಸಣಿ ಮಾಡಿಸಿದ್ರೇನು?"

"ಇಲ್ರಿ," ಎಂದಳು ಸಿಸ್ಟರ್. ನಮ್ಮಲ್ಲೇ ಯಂತ್ರ ಇದೆ ಎನ್ನಲಿಲ್ಲ, ಕೆಂಪು ಬಂದಿತ್ತು ಎನ್ನಲಿಲ್ಲ. ನಾನೂ ಅನ್ನಲಿಲ್ಲ.

ಶುಗರ್‌ನಿಂದ ಹಿಂಪರದೆಯ ಮೇಲೆ ಬೇಡದ ನರಗಳು ಬೆಳೆದು ಒಡೆದು, ಕಣ್ಣಿನೊಳಗೆ ರಕ್ತ ತುಂಬಿದೆ ಎಂದು ಆ ಡಾಕ್ಟರು ವಿವರಿಸಿದಳು. ಆರೆಂಟು ತಿಂಗಳ ಹಿಂದೆ ಬಂದಿದ್ದರೆ ಲೇಸರ್ ಹೊಡೆದು ನಿಲ್ಲಿಸಬಹುದಿತ್ತು. ಅದನ್ನು ಆಕೆ ಬೈಯುವ ಹಾಗೆ ಹೇಳಲಿಲ್ಲ, ನನ್ನಂಥವರನ್ನು ವಾರಕ್ಕೆ ಎಷ್ಟು ಜನರನ್ನು ನೋಡುತ್ತಾಳೋ. ಎಡಗಣ್ಣಿಗೆ ಆಪರೇಶನ್ ಮಾಡಿದರು. ಅದರಲ್ಲಿ ಕೊನೆಗೆ ಉಳಿದದ್ದು ಬೆಳಕು ಇದೆಯೋ ಇಲ್ಲವೋ ಎನ್ನುವಷ್ಟು ಮಾತ್ರ. ಬಲಗಣ್ಣಿಗೆ ಲೇಸರ್ ಮಾಡಿ ಉಳಿಸಿಕೊಂಡರು.

ಆಪರೇಶನ್ ಆಗಿ ಹತ್ತು ದಿನಕ್ಕೆ ನಾನು ಆಕೆಯ ಮನೆಗೆ ಹೋದೆ. ಇಪ್ಪತ್ತಾರು ವರ್ಷದಲ್ಲಿ ಮೂರನೆಯ ಸಲವೇನೋ. ಗಂಡ ಹೈಸ್ಕೂಲಿನಲ್ಲಿ ಜವಾನ. ಚಹಾ ಕೊಟ್ಟು, ಶಾಲೆಗೆ ಹೊತ್ತಾಯಿತೆಂದು ಹೋದ. ಆಕೆ ಕರಿ ಕನ್ನಡಕ ಹಾಕಿಕೊಂಡು ಬುದ್ಧನ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಯಾವುವೂ ಬರಲಿಲ್ಲ. ಬಂದದ್ದು ಇಷ್ಟೇ:

"ಸಿಸ್ಟರ್, ಅವತ್ತಿನ ಚೀಟಿ ನಾ ಹರದ ಒಗದೆ. ಅದರಾಗ ಏನ ಬರದಿತ್ತು ಅಂತ ನಿಮಗ ಹೇಳಲಿಲ್ಲ."

"ಗೊತ್ತೈತ್ರಿ," ಎಂದಳು. "ಆ ಕಸದ ಡಬ್ಬಿ ದಿನಾ ಖಾಲಿ ಮಾಡಾಕಿ ನಾನ ಅಲ್ಲೇನ್ರಿ? ಅವತ್ತ ಸಂಜೀಕ ಜೋಡಿಸಿ ಓದಿದ್ನಿ. ತಿಂಗಳದ ಒಳಗ ತೋರಸ್ರಿ ಅಂತ ಇತ್ತು."

ನನ್ನ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ.

"ಮತ್ತ ಯಾಕ ಹೋಗಲಿಲ್ಲ?"

"ನೀವು ನಕ್ಕಿದ್ರಿ. ಅದೂ ಆ ಕಂಪನಿಯಾವ್ರ ಮುಂದ. ನಾ ಹೋಗಿ ತೋರಿಸಿ, ಮಷೀನ್ ಹೇಳಿದ್ದ ಖರೇ ಅಂತ ಬಂದಿದ್ರ ನಿಮ್ಮ ಮಾರಿ ಹೆಂಗ ಆಗತಿತ್ತು ಅಂತ ವಿಚಾರ ಮಾಡಿದ್ನಿ. ಅಷ್ಟರಾಗ ದಿನಾ ಹೋದೂವು. ಕಣ್ಣೂ ಚಲೋನ ಕಾಣತಿದ್ದೂವು." ಕನ್ನಡಕ ಸರಿಮಾಡಿಕೊಂಡು ಮತ್ತೆ ಹೇಳಿದಳು. "ಅದು ನನ್ನ ಹುಚ್ಚತನ ಸಾಹೇಬ್ರ. ಆದ್ರ ನಕ್ಕಾವ್ರು ನೀವ ಅದೀರಿ."

ಕ್ಷಮಿಸಿದ್ದೇನೆ ಎಂದು ಆಕೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ರಿಜಿಸ್ಟರ್ ಬರೆಯುವ ಕೆಲಸಕ್ಕಾದರೂ ವಾಪಸು ಬರಬೇಕೆಂದು ಕೇಳಿಕೊಂಡೆ. "ನಾ ಸೂಜಿ ಹಾಕಾಕಿ ರೀ. ಹೆಸರ ಬರಿಯಾಕ ಯಾರಾದ್ರೂ ಸಿಗತಾರ," ಎಂದಳು.

ಮರುದಿನದಿಂದ ನಾನು ಬೇರೆ ಮನುಷ್ಯನಾದೆ ಎಂದರೆ ಊರವರು ನಗುತ್ತಾರೆ, ಬೈಗುಳ ಹಾಗೇ ಇದ್ದವು. ಆದರೆ ಹಳೆಯ ರಿಜಿಸ್ಟರುಗಳನ್ನು ತೆಗೆದು, ಶುಗರ್ ಇದ್ದವರ ಹೆಸರನ್ನೆಲ್ಲ ಹುಡುಕಿ, ಫೋನ್ ಮಾಡಿ ಕರೆಸಿದೆ. ಹಿಂದೆ ಕೆಂಪು ಬಂದು ನಾನು 'ನೋಡೂಣು' ಎಂದಿದ್ದವರ ಮನೆಗೆ ನಾನೇ ಹೋದೆ. ಅವರಲ್ಲೊಬ್ಬರು ದ್ರಾಕ್ಷಿ ತೋಟದ ಧಣಿ, ನನಗಿಂತ ನಾಲ್ಕು ವರ್ಷ ದೊಡ್ಡವರು. ಬಳ್ಳಿ ಚಪ್ಪರದ ಕೆಳಗೆ ನಿಂತು ಕೆಲಸ ಮಾಡಿಸುತ್ತಿದ್ದರು.

"ನಿಮ್ಮ ಮಷೀನ್ ಮಾತ ಕೇಳಿ ನಾ ಮಿರಜಕ್ಕ ಹೋಗಬೇಕೇನ್ರಿ? ಹೋದ ವರ್ಷ ನೀವ ಬ್ಯಾಡ ಅಂದಿದ್ರಿ."

"ನನ್ನ ಮಾತ ಕೇಳಬ್ಯಾಡ್ರಿ ಅಂತನ ಹೇಳಾಕ ಬಂದೇನಿ. ಬಳ್ಳಿ ಎಲಿಯ ದೇಟ ಲ್ಯಾಬಿಗಿ ಕಳಸ್ತೀರಿ. ಅವ್ರು ಏನ ಬರದ ಕೊಡತಾರ ಅದ ಗೊಬ್ಬರ ಹಾಕ್ತೀರಿ. ಆ ಲ್ಯಾಬಿನಾವ್ರ ಮಾರಿನರ ನೋಡೀರೇನು?"

ಅವರು ಕತ್ತರಿ ಜೇಬಿಗೆ ಹಾಕಿಕೊಂಡು ನನ್ನ ಕಾರು ಹತ್ತಿದರು. ಎರಡೂ ಕಣ್ಣಿಗೆ ಲೇಸರ್ ಆಯಿತು, ಎರಡೂ ಉಳಿದವು. ಪ್ರತಿ ಹಂಗಾಮಿಗೆ ಮನೆಗೆ ಒಂದು ಡಬ್ಬಿ ಒಣದ್ರಾಕ್ಷಿ ಮಣೂಕ ಕಳಿಸುತ್ತಾರೆ. ನನ್ನ ಹೆಂಡತಿ ಅದನ್ನು ಹಂಚಿಬಿಡುತ್ತಾಳೆ. ನಾನು ಒಂದೂ ಬಾಯಿಗೆ ಹಾಕಿಲ್ಲ.

ಹೀಗೆ ಯಂತ್ರವನ್ನು ನಾನು ನಂಬಲು ಕಲಿತೆ. ಯಾರಿಗೂ ಮಣಿಯದವನು ಅದಕ್ಕೆ ಮಣಿದೆ. ಅದು ನನಗಿಂತ ಚೆನ್ನಾಗಿ ನೋಡುತ್ತಿತ್ತು. ಬೇಸರ ಪಡುತ್ತಿರಲಿಲ್ಲ, ಪೇಷಂಟು ಧಣಿಯೋ ಕೂಲಿಯೋ ಎಂದು ಲೆಕ್ಕಿಸುತ್ತಿರಲಿಲ್ಲ. ಚಪ್ಪರದಲ್ಲಿ ಸಾಲು ರಸ್ತೆಯವರೆಗೆ ಬಂತು. ಫೋಟೋ ನಾನೇ ತೆಗೆಯುತ್ತಿದ್ದೆ. ಹೀಗೆ ನಡೆದ ನಾಲ್ಕು ತಿಂಗಳು ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ಉಪಯೋಗದ ಕೆಲಸ ಎಂದು ಈಗಲೂ ಅನ್ನಿಸುತ್ತದೆ. ಅದರಲ್ಲಿ ನನ್ನ ವಿದ್ಯೆ ಏನೂ ಇರಲಿಲ್ಲ.

ಒಂದು ಮಂಗಳವಾರ ಫೋಟೋ ಬಂತು, ಫಲಿತಾಂಶ ಬರಲಿಲ್ಲ. ಟ್ಯಾಬ್ಲೆಟ್ ಮೇಲೆ ಒಂದು ಚಕ್ರ ತಿರುಗುತ್ತಲೇ ಇತ್ತು. ಇಂಟರ್ನೆಟ್ ಹೋಗಿರಬೇಕೆಂದು ಮಧ್ಯಾಹ್ನದವರೆಗೆ ಕಾದು, ಹೊರಗೆ ಕೂತವರನ್ನು ನಾಳೆ ಬರ್ರಿ ಎಂದು ಕಳಿಸಿದೆ. ಮರುದಿನವೂ ಚಕ್ರ ತಿರುಗಿತು. ಜತ್ತದವನು ಮೂರು ದಿನ ಫೋನ್ ಎತ್ತಲಿಲ್ಲ. ನಾಲ್ಕನೆಯ ದಿನ ತಾನೇ ಬಂದ, ಜೊತೆಗೆ ಖಾಲಿ ಪೆಟ್ಟಿಗೆ ಇದ್ದ ಒಂದು ಗಾಡಿ.

"ಸರ, ಟ್ರಯಲ್ ಮುಗೀತ್ರಿ."

"ಮುಗೀತಂದ್ರ? ಹೊರಗ ನೋಡಪಾ, ಪಾಳಿ ಹಚ್ಚಿ ಕುಂತಾರ. ಇವ್ರ ಶುಗರ್ ಮುಗದೈತೇನು?"

ಅವನು ನನ್ನ ಕಣ್ಣು ತಪ್ಪಿಸಿ ಮೇಜಿನ ಮೇಲಿನ ಪೇಪರ್ ವೇಟ್ ನೋಡುತ್ತ ಮಾತಾಡಿದ. "ಮಷೀನ್‌ಗೆ ಕಲಿಸಾಕ ಹಳ್ಳಿ ಮಂದಿ ಕಣ್ಣ ಬೇಕಾಗಿದ್ದೂವ್ರಿ. ಬಿಸಿಲಾಗ ದುಡಿಯೂ ಮಂದಿ, ಪೊರೆ ಬಂದ ಕಣ್ಣ, ಅಂಥಾವು. ಈಗ ಬೇಕಾದಷ್ಟ ಫೋಟೋ ಸಿಕ್ಕಾವು. ಮಷೀನ್ ಪಕ್ಕಾ ಆತು. ಇನ್ನ ದೊಡ್ಡ ದೊಡ್ಡ ಆಸ್ಪತ್ರಿಗೋಳಿಗಿ ಕೊಡತಾರ."

"ನಾನ ತಗೋತೇನಿ. ಏನ ಕೇಳತೀರಿ ಕೇಳ್ರಿ."

"ಒಂದ ಡಾಕ್ಟರ್ ಇರೂ ದವಾಖಾನಿ ಕಂಪನಿ ಲಿಸ್ಟಿನ್ಯಾಗ ಬರಾಂಗಿಲ್ರಿ ಸರ."

"ನಮ್ಮ ಮಂದಿ ಕಣ್ಣ ಒಯ್ದು, ನಮ್ಮ ಮಂದಿಗಿ ಇಲ್ಲ ಅಂತೀರಿ."

ಅವನು ತನ್ನ ಚೀಲದಿಂದ ಇಂಗ್ಲಿಷಿನ ಹಾಳೆಗಳನ್ನು ತೆಗೆದು ನನ್ನ ಸಹಿ ತೋರಿಸಿದ. ಅಹಂಕಾರದಿಂದ ತೋರಿಸಲಿಲ್ಲ, ಅವನಿಗೂ ಬೇಜಾರಾಗಿತ್ತು. "ಎಲ್ಲಾ ಇದರಾಗ ಬರದೈತ್ರಿ. ನಾನೂ ಪಗಾರಕ್ಕ ದುಡಿಯಾಂವ ಸರ. ಮುಂದಿನ ತಿಂಗಳ ನನ್ನನ್ನೂ ಇಡತಾರೋ ಬಿಡತಾರೋ." ಆಮೇಲೆ ಕೇಳಿದ. "ಸಿಸ್ಟರ್ ಬಾಯಾರ ಎಲ್ಲಿ? ಅವತ್ತ ಹೋಗಿ ತೋರಿಸಿದ್ರಿಲ್ರಿ?"

ನಾನು ಹೊರಗೆ ಹೋಗಿ ಸಾಲಿನಲ್ಲಿ ಕೂತವರನ್ನು ಮನೆಗೆ ಕಳಿಸಿದೆ. ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು, ಕಿಟಕಿಯ ಕರಿ ಬಟ್ಟೆಯನ್ನೂ ಬಿಚ್ಚಿ ಮಡಚಿ ಒಯ್ದರು. ಕೋಣೆಗೆ ಒಂದೇ ಸಲ ಬಿಸಿಲು ಬಂತು.

ಬಳಿಕದ ದಿನಗಳು ಇನ್ನೂ ಕಠಿಣವಾಗಿದ್ದವು. ಮಂದಿ ಬಂದು, "ಕಣ್ಣಿನ ಮಷೀನ್ ಎಲ್ಲಿ ಹೋತ್ರಿ?" ಎಂದು ಕೇಳುತ್ತಿದ್ದರು. ನಾನು ಅದನ್ನು ಮಾರಿಕೊಂಡೆ ಎಂಬ ಸುದ್ದಿ ಚಹಾದಂಗಡಿಯಲ್ಲಿ ಹುಟ್ಟಿ ಕಾಗವಾಡದವರೆಗೆ ಹೋಯಿತು. ಅದನ್ನು ಸಹಿಸಿಕೊಂಡೆ. ಸಹಿಸಲಾಗದ್ದು ಹಸಿರು ಬಂದವರ ಮಾತು. ಸಕ್ಕರೆ ಏರಿಸಿಕೊಂಡು ಬಂದವನಿಗೆ ಕಣ್ಣು ತೋರಿಸು ಎಂದರೆ, "ನಂದು ಹಸಿರ ಬಂದೈತಲ್ರಿ ಸಾಹೇಬ್ರ," ಎಂದು ಜೇಬಿನಿಂದ ಎರಡು ವರ್ಷದ ಹಿಂದಿನ ಚೀಟಿ ತೆಗೆಯುತ್ತಾನೆ. ಪ್ಲಾಸ್ಟಿಕ್ ಹಾಕಿಸಿ, ಆಧಾರ್ ಕಾರ್ಡಿನ ಜೊತೆ ಇಟ್ಟುಕೊಂಡಿರುತ್ತಾನೆ. ಆ ಹಸಿರು ಒಂದು ವರ್ಷಕ್ಕಷ್ಟೇ ಎಂದು ಅವನಿಗೆ ಯಾರು ಹೇಳಬೇಕಿತ್ತು? ಪ್ರತಿ ವರ್ಷ ಯಂತ್ರ ಇಲ್ಲೇ ಇರುತ್ತದೆ ಎಂದುಕೊಂಡು ನಾನೇ ಹೇಳಿರಲಿಲ್ಲ.

ಸರ್ಕಾರಿ ಕಚೇರಿಗೆ ಹೋಗಿ ಒಂದು ಯಂತ್ರ ಕೇಳಿದೆ. ಅರ್ಜಿ ತೆಗೆದುಕೊಂಡರು. ಕಂಪನಿಗೆ ಎರಡು ಪತ್ರ ಬರೆದೆ. ನಮ್ಮ ಸೇವೆಯಲ್ಲಿ ಆಸಕ್ತಿ ತೋರಿದ್ದಕ್ಕೆ ಧನ್ಯವಾದ ಎಂಬ ಉತ್ತರ ಬಂತು, ಅದೂ ಯಾರೂ ಕೂತು ಬರೆದಂತಿರಲಿಲ್ಲ. ಕೊನೆಗೆ ಕಪಾಟಿನ ತಳದಿಂದ ಕಾಲೇಜಿನ ದಿನಗಳ ಆಫ್ತಾಲ್ಮೋಸ್ಕೋಪ್ ತೆಗೆದು ಹೊಸ ಸೆಲ್ ಹಾಕಿದೆ. ಕಣ್ಣಿಗೆ ಕಣ್ಣು ತಾಗಿಸುವಷ್ಟು ಹತ್ತಿರ ಹೋಗಿ ಒಳಗೆ ಇಣುಕುವ ಕೈದೀಪ ಅದು. ಗುರುವಾರ ಮಧ್ಯಾಹ್ನ ಮಿರಜಕ್ಕೆ ಹೋಗಿ ಆ ಕಣ್ಣಿನ ಡಾಕ್ಟರ ಪಕ್ಕದಲ್ಲಿ ನಿಂತು ಕಲಿಯತೊಡಗಿದೆ. ಆಕೆಯ ವಿದ್ಯಾರ್ಥಿಗಳು ನನಗೆ ಕುರ್ಚಿ ಕೊಡಲು ಬರುತ್ತಿದ್ದರು. ಬೇಡ ಎನ್ನುತ್ತಿದ್ದೆ. ನನ್ನ ಕಣ್ಣಿಗೇ ಪೊರೆ ಬರತೊಡಗಿದೆ. ಇಬ್ಬರಲ್ಲಿ ಒಬ್ಬರದ್ದು ನನಗೆ ತಿಳಿಯುತ್ತದೆ, ಇನ್ನೊಬ್ಬರದ್ದು ತಿಳಿಯುವುದಿಲ್ಲ. ತಿಳಿಯಲಿಲ್ಲ ಎಂದು ಈಗ ಬಾಯಿಬಿಟ್ಟು ಹೇಳುತ್ತೇನೆ.

ಹೋದ ವರ್ಷ ಅಥಣಿಯಲ್ಲಿ ಡಾಕ್ಟರುಗಳ ಒಂದು ಸಭೆ ಸೇರಿತ್ತು. ಹೊಸ ತಂತ್ರಜ್ಞಾನದ ಬಗ್ಗೆ ಹಿರಿಯರು ಮಾತಾಡಬೇಕೆಂದು ನನ್ನನ್ನು ಕರೆದರು. ಯಂತ್ರಗಳನ್ನು ಬೈಯುತ್ತೇನೆ, ನಕ್ಕು ಊಟಕ್ಕೆ ಏಳಬಹುದು ಎಂದು ಎಣಿಸಿದ್ದರು. ನಾನು ಸಿಸ್ಟರ್ ಕಥೆ ಹೇಳಿದೆ. ಯಂತ್ರಕ್ಕೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿದ್ದದ್ದು ಹೊರಟುಹೋಯಿತು, ಗೊತ್ತಿಲ್ಲದವನು ಇಲ್ಲೇ ಇದ್ದೇನೆ. ಎರಡರಿಂದಲೂ ಪೇಷಂಟಿಗೆ ಸುಖವಿಲ್ಲ ಎಂದೆ. ಯಾವುದೇ ಯಂತ್ರ ಬಾಗಿಲಿಗೆ ಬಂದರೆ ಅದು ಏನು ಮಾಡುತ್ತದೆ ಎನ್ನುವುದಕ್ಕಿಂತ ಮೊದಲು ಎಷ್ಟು ವರ್ಷ ಇರುತ್ತದೆ ಎಂದು ಕೇಳಿರಿ, ಅದನ್ನು ಕನ್ನಡದಲ್ಲಿ ಬರೆಸಿಕೊಳ್ಳಿರಿ ಎಂದೆ. ಚಪ್ಪಾಳೆ ತಟ್ಟಿದರು. ನನ್ನ ನಂತರ ಮಾತಾಡಲು ಎದ್ದವನು ಊಟದ ಖರ್ಚು ವಹಿಸಿಕೊಂಡಿದ್ದ ಕಂಪನಿಯ ಮನುಷ್ಯ. ಹೃದಯದ ಬಡಿತ ಕೇಳಿ ರೋಗ ಹೇಳುವ, ಎದೆಗೆ ಕಟ್ಟುವ ಪಟ್ಟಿಯೊಂದನ್ನು ತೋರಿಸಿದ. ಕೆಲವು ತಿಂಗಳು ಉಚಿತ ಎಂದ. ಹೆಸರು ಬರೆಸಲು ನಮ್ಮವರು ಸಾಲು ಹಚ್ಚಿದರು. ನಾನು ಊಟ ಮಾಡದೆ ಬಂದೆ.

ಸಿಸ್ಟರ್ ಎರಡು ತಿಂಗಳಿಗೊಮ್ಮೆ ಇನ್ಸುಲಿನ್ ಬರೆಸಲು ಬರುತ್ತಾಳೆ. ನೇರವಾಗಿ ಒಳಗೆ ಬರುವುದಿಲ್ಲ, ಚಪ್ಪರದಲ್ಲಿ ಎಲ್ಲರ ಜೊತೆ ಸರದಿಯಲ್ಲಿ ಕೂಡುತ್ತಾಳೆ. ಈಗ ಆ ಜಾಗಕ್ಕೆ ಬಂದಿರುವ ಹೊಸ ನರ್ಸ್ ಆಕೆಯ ಹೆಸರು ಕೂಗಿದಾಗ ಮಾತ್ರ ಎದ್ದು ಬರುತ್ತಾಳೆ. ಕಳೆದ ಸಲ ಬಂದಾಗ, ಬಲಗಣ್ಣು ಸ್ವಲ್ಪ ಮಂಜು ಮಂಜು ಎನ್ನುತ್ತಿದೆ ಎಂದಳು. ನಾನು ಕೈದೀಪ ತೆಗೆದುಕೊಂಡು ಆಕೆಯ ಮುಖದ ಹತ್ತಿರಕ್ಕೆ ಬಾಗಿದೆ. ಕಂಡದ್ದು ಆಕೆಯ ಕಣ್ಣಿನ ರಕ್ತವೋ ನನ್ನ ಕಣ್ಣಿನ ಪೊರೆಯೋ ತಿಳಿಯದೆ, "ನನಗ ತಿಳೀವಲ್ದು ಸಿಸ್ಟರ್, ಮಿರಜಕ್ಕ ಹೋಗೂಣು ನಡ್ರಿ," ಎಂದು ಕಾರಿನ ಕೀಲಿ ತೆಗೆದುಕೊಂಡೆ.